ಬಂದೂಕಿನ ತುದಿಯ ಚೂರಿ

ಕಿತ್ತೂರಿನ ಕಥೆ ನಮ್ಮ ಧಾರವಾಡ ಸೀಮೆಯಲ್ಲಿ ನಾಟಕವಾಗಿ, ಲಾವಣಿಯಾಗಿ, ಉತ್ಸವದ ಮೆರವಣಿಗೆಯಾಗಿ ಮತ್ತೆ ಮತ್ತೆ ಹುಟ್ಟು ಪಡೆಯುತ್ತ ಬಂದಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದ ಪ್ರಸಂಗ ಬಂದೊಡನೆ ರಂಗದ ಮೇಲೆ ಕಂಪನಿಯ ಸಿಪಾಯಿಗಳು ಸಾಲುಗಟ್ಟಿ ನಿಲ್ಲಬೇಕು. ಅವರ ಕೈಯಲ್ಲಿ ಚಕಮಕಿ ಬಂದೂಕು, ಅದರ ತುದಿಯಲ್ಲಿ ಉದ್ದನೆಯ ಚೂರಿ. ಇದಕ್ಕೆ ಬಯೋನೆಟ್ಟು ಎಂದು ಹೆಸರು. ಹಿಂದಿ, ಮರಾಠಿಗಳಲ್ಲಿ ಸಂಗೀನ. ಮಾಳಮಡ್ಡಿಯ ಹವ್ಯಾಸಿ ಬಳಗವಾಗಲಿ, ಶಾಲೆಯ ಮಕ್ಕಳಾಗಲಿ, ಈ ಪ್ರಸಂಗವನ್ನು ಆಡಹೊರಟವರು ಈ ಚೂರಿಯ ಸ್ವಭಾವವನ್ನು ತಿಳಿದಿರುವುದು ಒಳ್ಳೆಯದು.

ಹದಿನೇಳನೆಯ ಶತಮಾನದಲ್ಲಿ ಇದರ ಹಿಡಿಯನ್ನು ನಳಿಗೆಯ ಬಾಯಿಗೇ ಬೆಣೆಯಂತೆ ತುರುಕುತ್ತಿದ್ದರು. ಚೂರಿ ಸಿಕ್ಕಿಸಿದರೆ ಗುಂಡು ಹಾರದು. ಗುಂಡು ಹಾರಿಸಬೇಕಾದರೆ ಚೂರಿ ಇರದು. 1689ರಲ್ಲಿ ಸ್ಕಾಟ್ಲೆಂಡಿನ ಕಿಲಿಕ್ರಾಂಕಿಯಲ್ಲಿ ಗುಡ್ಡಗಾಡಿನ ಯೋಧರು ಧಾವಿಸಿ ಬಂದಾಗ, ಸರಕಾರಿ ಸೈನಿಕರಿಗೆ ಚೂರಿ ಸಿಕ್ಕಿಸಲು ಸಮಯವೇ ಸಾಲಲಿಲ್ಲ. ಈ ತೊಡಕನ್ನು ಕಳೆದದ್ದು ಕೊಳವೆಯ ಉಪಾಯ. ಚೂರಿಯ ಬುಡಕ್ಕೊಂದು ಟೊಳ್ಳು ಕೊಳವೆ. ಅದು ನಳಿಗೆಯ ಹೊರಮೈಯನ್ನು ಬಳೆಯಂತೆ ತಬ್ಬುತ್ತದೆ. ಅಲಗು ಮೊಣಕೈಯಂತೆ ಬಾಗಿ ಬಲಪಕ್ಕಕ್ಕೆ ಸರಿದಿರುವುದರಿಂದ ಬಾರು ತುಂಬುವ ಕೈಗೆ ಅಡ್ಡಿಯಿಲ್ಲ. ಬಂದೂಕು ಈಟಿಯೂ ಆಯಿತು, ಬಂದೂಕಾಗಿಯೂ ಉಳಿಯಿತು.

ಕಂಪನಿಯ ಕಾಲಾಳಿಗಾಗಿ ತಯಾರಾದ ಬಂದೂಕಿನ ನಳಿಗೆ 39 ಅಂಗುಲ ಉದ್ದ, ಅದರ ಒಳವ್ಯಾಸ ಮುಕ್ಕಾಲು ಅಂಗುಲ, ಚೂರಿಯ ಅಲಗು ಸುಮಾರು 17 ಅಂಗುಲ. 1790ರ ದಶಕದಲ್ಲಿ ಫ್ರಾನ್ಸಿನೊಡನೆ ಯುದ್ಧ ಒದಗಿದಾಗ ಬ್ರಿಟಿಷ್ ಸರಕಾರ ಈ ಬಂದೂಕನ್ನೇ ತನ್ನ ಸೈನ್ಯಕ್ಕೂ ಕೊಂಡಿತು. ಇಂದಿಗೂ ವಿದೇಶಗಳಲ್ಲಿ ಹಳೆಯ ಯುದ್ಧಗಳನ್ನು ಅಭಿನಯಿಸುವವರು ಹಿಡಿಯುವ ಪ್ರತಿಕೃತಿಗಳಲ್ಲಿ ಅನೇಕವು ಭಾರತದಲ್ಲಿಯೇ ಸಿದ್ಧವಾಗುತ್ತವೆ.

ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಗುಬಟು ಇದೆ. ಕೊಳವೆಯಲ್ಲಿ ಎರಡು ಸಲ ಮುರಿದು ತಿರುಗುವ ಸೀಳು ಇದೆ. ಒತ್ತಿ, ತಿರುಗಿಸಿ, ಮತ್ತೆ ಒತ್ತಿದಾಗ ಗುಬಟು ಸೀಳಿನ ಕೊನೆಯಲ್ಲಿ ನೆಲೆಗೊಳ್ಳುತ್ತದೆ. ಅಲ್ಲಿ ತಿರುಪೂ ಇಲ್ಲ, ಸ್ಪ್ರಿಂಗೂ ಇಲ್ಲ, ಆಧಾರವೆಲ್ಲ ಹೊಂದಿಕೆಯದೇ. ಆದುದರಿಂದಲೇ ಹಿಂದೆ ಒಂದೊಂದು ಚೂರಿಯನ್ನು ಒಂದೊಂದು ಬಂದೂಕಿಗೆ ಕೈಯಿಂದಲೇ ಹೊಂದಿಸುತ್ತಿದ್ದರು. ಒಂದರದು ಇನ್ನೊಂದಕ್ಕೆ ಕೂಡುತ್ತದೆಂಬ ಭರವಸೆ ಇರಲಿಲ್ಲ.

ಪ್ರತಿಕೃತಿಯಲ್ಲಿಯೂ ಇದೇ ಸಮಸ್ಯೆ. ಕೊಳವೆ ಬಿಗಿಯಾದರೆ ಸುತ್ತಿಗೆಯಿಂದ ಹೊಡೆದು ಕೂಡ್ರಿಸಬಾರದು. ನಳಿಗೆಯ ತುದಿಗೆ ದೀಪದ ಮಸಿ ಬಳಿದು, ಕೊಳವೆಯನ್ನು ಮೆಲ್ಲಗೆ ತೊಡಿಸಿ ತೆಗೆಯಬೇಕು. ಒಳಗೆ ಮಸಿ ಹತ್ತಿದ ಕಡೆ ತಿಕ್ಕಾಟವಿದೆ ಎಂದರ್ಥ. ಅಷ್ಟನ್ನೇ, ದುಂಡು ಕಟ್ಟಿಗೆಗೆ ಸುತ್ತಿದ ಎಮರಿ ಬಟ್ಟೆಯಿಂದ ಉಜ್ಜಿ, ಮತ್ತೆ ಮಸಿ ಬಳಿದು ನೋಡಬೇಕು. ಗುಬಟು ಸಿಕ್ಕಿಕೊಂಡರೆ ಸೀಳಿನ ಅಂಚಿಗೆ ಸಣ್ಣ ಅರ ಹಾಕಬೇಕೇ ಹೊರತು ಗುಬಟನ್ನು ಸವೆಸಬಾರದು. ನಳಿಗೆಯನ್ನಂತೂ ಮುಟ್ಟಲೇಬಾರದು, ಚೂರಿಯನ್ನು ಬದಲಿಸಬಹುದು, ನಳಿಗೆಯನ್ನು ಬದಲಿಸುವುದು ಸುಲಭವಲ್ಲ.

ಕೊಳವೆ ಸಡಿಲವಾದರೆ ಅಪಾಯ ಹೆಚ್ಚು. ಒಳಗೆ ತೆಳುವಾದ ಹಿತ್ತಾಳೆ ತಗಡನ್ನು ಸೇರಿಸಬಹುದು; ಇಲ್ಲವೆ ಕುಶಲ ಕಮ್ಮಾರನಿಂದ, ತಕ್ಕ ಗಾತ್ರದ ಉಕ್ಕಿನ ಸರಳಿಗೆ ಕೊಳವೆಯನ್ನು ತೊಡಿಸಿ, ಮರದ ಕೊಡತಿಯಿಂದ ಹಗುರಾಗಿ ತಟ್ಟಿಸಬಹುದು. ಕಾಯಿಸಿದರೆ ಅಲಗಿನ ಹದ ಕೆಡುತ್ತದೆ. ಕೊನೆಗೆ, ಯಾರೂ ಹತ್ತಿರವಿಲ್ಲದಾಗ ಬಂದೂಕನ್ನು ನೆಲದ ಕಡೆ ತಿರುಗಿಸಿ ಕೊಡವಿ ನೋಡಬೇಕು. ಚೂರಿ ಅಲುಗಿದರೆ ಅದು ರಂಗಕ್ಕೆ ಯೋಗ್ಯವಲ್ಲ. ನಟ ಕೈ ಬೀಸಿದಾಗ ಅದು ಹಾರಿ ಬೀಳುವುದು ಮುಂದಿನ ಸಾಲಿನ ಮಕ್ಕಳ ಮೇಲೆ.

ಇನ್ನೊಂದು ಮಾತು. 1959ರ ಶಸ್ತ್ರ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಈಟಿಗಳ ಜೊತೆಗೆ ಬಯೋನೆಟ್ಟಿನ ಹೆಸರೂ ಇದೆ. ನಿಜವಾದ ಉಕ್ಕಿನ ಅಲಗನ್ನು ತರುವ ಮೊದಲು ಪೊಲೀಸರನ್ನು ವಿಚಾರಿಸುವುದು ವಿವೇಕ. ಹೆಣಗಾಟದ ದೃಶ್ಯಕ್ಕೆ ಮರದ್ದೋ ರಬ್ಬರಿನದೋ ಅಲಗೇ ಸಾಕು. ಉಕ್ಕಿನದು ಸಾಲಾಗಿ ನಿಂತ ದೃಶ್ಯಕ್ಕಷ್ಟೇ ಇರಲಿ.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. ಬೆಳ್ಳಿಬಣ್ಣ ಬಳಿದ ರಟ್ಟಿನ ತುಂಡು ಜೋಲಾಡುತ್ತಿದ್ದರೆ ಪ್ರೇಕ್ಷಕರು ನಗುತ್ತಾರೆ. ಎದುರಾಳಿಯ ಆಯುಧ ನಗೆಪಾಟಲಾದರೆ ಅದರ ಎದುರು ನಿಂತವರ ಧೈರ್ಯವೂ ಹಗುರಾಗುತ್ತದೆ. ಆ ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟು ಹೋಗುವವರೆಗೂ ಕಿತ್ತೂರಿನವರು ಎದುರಿಸಿದ್ದು ಆಟಿಕೆಯನ್ನಲ್ಲ.