ಗುಡ್ಡವು ಜಾರುವುದೇಕೆ? ಹೇಳುವವರಾರು?

ನೆರಿಯ ಹೊಳೆಯು ಪಶ್ಚಿಮಘಟ್ಟಗಳಿಂದ ಇಳಿದು ನೇತ್ರಾವತಿಯನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದಡಿಯ ಹೊಳೆಗಳು ನೀರನ್ನಷ್ಟೇ ಅಲ್ಲದೆ ಮಣ್ಣು, ಮರ, ಬಂಡೆಗಳನ್ನೂ ಹೊತ್ತು ತಂದುವು. ಗುಡ್ಡವು ಜಾರಿದುದೇಕೆಂದು ಅಲ್ಲಿಯ ಬಾಲಕನೊಬ್ಬನು ಕೇಳಿದರೆ ಉತ್ತರ ಹೇಳಬೇಕಾದವರಾರು?

ಇಳಿಜಾರಿನ ಮಣ್ಣನ್ನು ತಡೆದು ನಿಲ್ಲಿಸುವುದರಲ್ಲಿ ಕಣಗಳ ನಡುವಣ ಘರ್ಷಣೆಯ ಪಾತ್ರ ದೊಡ್ಡದು. ಎಡೆಬಿಡದ ಮಳೆಯಿಂದ ಕಣಗಳ ಸಂದುಗಳು ತುಂಬಿದಾಗ ನೀರಿನ ಒತ್ತಡವು ಅವುಗಳ ಬಿಗಿತವನ್ನು ಸಡಿಲಿಸುತ್ತದೆ. ಘರ್ಷಣೆಯು ಕುಗ್ಗಿ ಗುಡ್ಡವು ಜಾರುತ್ತದೆ. ಇದು ಭೌತಶಾಸ್ತ್ರದ ಮಾತು. ಬಂಡೆಯು ಮಣ್ಣಾದ ಬಗೆಯು ರಸಾಯನಶಾಸ್ತ್ರಕ್ಕೂ, ಮಳೆಯ ಗತಿಯು ಭೂಗೋಳಕ್ಕೂ ಸೇರಿದುವು. ನಮ್ಮ ಶಾಲೆಗಳಲ್ಲಿ ಇವು ಬೇರೆಬೇರೆ ಪುಸ್ತಕಗಳಲ್ಲಿ ಹಂಚಿಹೋಗಿರುವುದರಿಂದ ಇಡಿಯ ಉತ್ತರವು ಬಾಲಕನಿಗೆ ದೊರೆಯುವುದಿಲ್ಲ.

ಈ ಕೊರತೆಯನ್ನು ಒಂದೇ ಸಂಸ್ಥೆಯು ನೀಗಲಾರದು. 1958ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘವು ಕೇಂದ್ರದ ಭೂವಿಜ್ಞಾನ ಮಂತ್ರಾಲಯದ ನೆರವಿನೊಡನೆ ವಿದ್ಯಾರ್ಥಿಗಳಿಗಾಗಿ ಭೂವಿಜ್ಞಾನ ಒಲಿಂಪಿಯಾಡನ್ನು ನಡೆಸಿದುದು ಕೂಡುದುಡಿಮೆಗೆ ಒಳ್ಳೆಯ ನಿದರ್ಶನ. ಏಳನೆಯ ಅಂತರರಾಷ್ಟ್ರೀಯ ಒಲಿಂಪಿಯಾಡು 2013ರಲ್ಲಿ ನಮ್ಮ ಮೈಸೂರಿನಲ್ಲಿಯೇ ಜರುಗಿತು. ಅದರಲ್ಲಿ ನೆಲ, ಜಲ, ವಾಯು, ಖಗೋಳಗಳು ಒಂದೇ ಶಾಸ್ತ್ರದ ಅಂಗಗಳು. ನಾನಾ ದೇಶದ ಮಕ್ಕಳು ಒಂದೇ ತಂಡವಾಗಿ ಬಯಲಿನಲ್ಲಿ ಶೋಧನೆ ನಡೆಸುತ್ತಾರೆ.

ಆದರೆ ಒಲಿಂಪಿಯಾಡಿಗೆ ಹೋಗುವವರು ಕೆಲವರು. ಗುಡ್ಡದಡಿಯಲ್ಲಿ ಮಲಗುವವರು ಅನೇಕರು. ವಿಶ್ವವಿದ್ಯಾನಿಲಯದ ಭೂವಿಜ್ಞಾನಿ, ಹವಾಮಾನ ಇಲಾಖೆ, ಊರಿನ ಉಪಾಧ್ಯಾಯ ಈ ಮೂವರೂ ಹಳ್ಳಿಯ ಶಾಲೆಯಲ್ಲಿ ಕೂಡಬೇಕು. ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ತೊರೆ ಇವುಗಳ ಅರ್ಥವನ್ನು ಬಲ್ಲ ಮಗುವೊಂದು ಮನೆಯಲ್ಲಿದ್ದರೆ, ಆ ಮನೆಯವರು ಹೊತ್ತಿಗೆ ಮುಂಚೆ ಹೊರಬಂದಾರು.