ಗಂಗಳದಲ್ಲಿ ತೆರವಾದ ಜಾಗ

ಮಂಡ್ಯದ ಸೀಮೆಯಲ್ಲಿ ಒಕ್ಕಲುತನ ಮಾಡಿಕೊಂಡು ಬಾಳಿದ ನನ್ನ ಸೋದರಮಾವ, ಹನ್ನೊಂದು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಒಂದು ಶ್ರಾವಣದಲ್ಲಿ ವ್ರತಕ್ಕಾಗಿ ಬಿಟ್ಟ ಮಾಂಸಾಹಾರವನ್ನು ಮಾಸ ಕಳೆದ ಮೇಲೆಯೂ ಮತ್ತೆ ಮುಟ್ಟದಿರಲು ನಿಶ್ಚಯಿಸಿದರು. “ಬಾಡು ಬಿಟ್ರೆ ಶುಗರ್ರು ತಾನಾಗೇ ಇಳೀತದೆ ಕಣಪ್ಪ” ಎಂಬ ನಂಬಿಕೆ ಅವರಲ್ಲಿ ದೃಢವಾಗಿತ್ತು. ಆದರೆ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮಾಡಿಸಿದಾಗ, ಮೊದಲು 7.6 ಇದ್ದ ಅಂಕಿ 8.3ಕ್ಕೆ ಏರಿತ್ತು. ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಅವರು ಜಗಲಿಯ ಮೇಲೆ ಬಹಳ ಹೊತ್ತು ಮಾತಿಲ್ಲದೆ ಕುಳಿತರು.

ಅವರ ಊಟವನ್ನು ಕಂಡವರಿಗೆ ಕಾರಣವು ಗೂಢವಾಗಿರಲಿಲ್ಲ. ಹಿಂದೆ ಒಂದು ಮುದ್ದೆಯೂ ನಾಟಿಕೋಳಿಯ ಸಾರೂ ಇರುತ್ತಿದ್ದ ಗಂಗಳದಲ್ಲಿ ಈಗ ಎರಡು ಸಲ ಬಡಿಸಿಕೊಂಡ ಬಿಳಿಯ ಅನ್ನ, ತಿಳಿಸಾರು, ಆಲೂಗೆಡ್ಡೆಯ ಪಲ್ಯ. ಸಂಜೆಯಾಗುತ್ತಲೇ ಹಸಿವು ತಡೆಯಲಾರದೆ ಒಂದು ತಟ್ಟೆ ಚಿತ್ರಾನ್ನ. ಮಾಂಸದಲ್ಲಿ ಪಿಷ್ಟವು ಇಲ್ಲವೆನ್ನುವಷ್ಟು ಅಲ್ಪ. ಅದರ ಕೊಬ್ಬು ಹೃದಯಕ್ಕೆ ಅಹಿತವಾಗಬಹುದಾದರೂ, ಊಟವಾದ ಎರಡು ಗಂಟೆಯಲ್ಲಿ ರಕ್ತದ ಸಕ್ಕರೆಯನ್ನು ಮೇಲಕ್ಕೆತ್ತುವುದು ಮುಖ್ಯವಾಗಿ ಅನ್ನ, ರೊಟ್ಟಿ, ಗೆಡ್ಡೆಗಳ ಪಿಷ್ಟವೇ. ಆದಕಾರಣ ಬಾಡು ಬಿಟ್ಟ ಜಾಗವನ್ನು ಯಾವುದು ತುಂಬಿತೆಂಬುದರ ಮೇಲೆ ಶಾಕಾಹಾರದ ಫಲವು ನಿಂತಿರುತ್ತದೆ. ಮಧುಮೇಹವೂ ಸೇರಿದ ಪ್ರಮೇಹರೋಗಗಳಿಗೆ ಯವಧಾನ್ಯವನ್ನು (ಜವೆಗೋಧಿಯನ್ನು) ಪ್ರಧಾನ ಆಹಾರವಾಗಿ ವಿಧಿಸಿದ ಚರಕಸಂಹಿತೆಯೇ ಜಾಂಗಲ, ಎಂದರೆ ಒಣಭೂಮಿಯ, ಪ್ರಾಣಿಗಳ ಮಾಂಸರಸವನ್ನೂ ಪಥ್ಯವೆಂದು ಹೇಳಿರುವುದನ್ನು ಇಲ್ಲಿ ನೆನೆಯುವುದು ಉಚಿತ.

ಶಾಕಾಹಾರದಿಂದ ಪ್ರಯೋಜನವೇ ಇಲ್ಲವೆಂದಲ್ಲ. 2006ರಲ್ಲಿ ಅಮೆರಿಕದ ವೈದ್ಯ ನೀಲ್ ಬಾರ್ನಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 99 ಮಂದಿ ಮಧುಮೇಹಿಗಳು ಎರಡು ಗುಂಪಾಗಿ 22 ವಾರ ಪಥ್ಯವನ್ನಾಚರಿಸಿದರು. ಔಷಧವನ್ನು ಬದಲಿಸದೆ ಇದ್ದವರಲ್ಲಿ, ಕೊಬ್ಬು ಕಡಮೆಯಾದ ಸಸ್ಯಾಹಾರವನ್ನು ಉಂಡವರ ಎಚ್‌ಬಿಎ1ಸಿ 1.23ರಷ್ಟೂ, ರೂಢಿಯ ಮಧುಮೇಹ ಪಥ್ಯದವರದು 0.38ರಷ್ಟೂ ಇಳಿಯಿತು. ಆದರೆ ಸಸ್ಯಾಹಾರದ ಗುಂಪಿನವರು ಉಂಡದ್ದು ಕಾಳು, ತರಕಾರಿ, ಹಣ್ಣು, ಧಾನ್ಯ. ಹಾಲು ತುಪ್ಪಗಳು ಕೂಡ ಅದರಲ್ಲಿರಲಿಲ್ಲ, ದೇಹದ ತೂಕವೂ ಚೆನ್ನಾಗಿ ಇಳಿದಿತ್ತು. ಕರಿದ ಹಪ್ಪಳ, ಒಬ್ಬಟ್ಟು, ರಾಶಿ ಅನ್ನಗಳಿಂದ ಕೂಡಿದ ನಮ್ಮ ಹಬ್ಬದೂಟವೂ ಶಾಕಾಹಾರವೇ ಆದರೂ ಆ ಫಲವನ್ನು ಅದರಿಂದ ಬಯಸಲಾಗದು.

ಅತ್ತೆ ಅಡಿಗೆಯನ್ನು ಬದಲಿಸಿದಳು. ಹುರುಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ, ಮೊಳಕೆ ಬಿಟ್ಟ ಮೇಲೆ ದಂಟಿನಸೊಪ್ಪಿನೊಡನೆ ಬೇಯಿಸಿ ಬಸಿದು, ಆ ಕಟ್ಟಿಗೆ ಮಸಾಲೆ ಅರೆದು ಹಾಕಿ ಬಸ್ಸಾರು ಮಾಡಿ, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವ ಆ ಹಳೆಯ ಕ್ರಮದಲ್ಲಿ ಎಷ್ಟು ವಿವೇಕ ಅಡಗಿದೆಯೋ! ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಉಂಟು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಏಳೆಂಟು ಗ್ರಾಂ ಮಾತ್ರ. ಸೊಪ್ಪುಕಾಳುಗಳ ನಾರು ಪಿಷ್ಟದ ಜೀರ್ಣವನ್ನು ನಿಧಾನಗೊಳಿಸುತ್ತದೆ, ಹಸಿವನ್ನೂ ತಡೆದು ನಿಲ್ಲಿಸುತ್ತದೆ. ರಾಗಿಯ ವಿಷಯದಲ್ಲಿ ಮಾತ್ರ ಜನಕ್ಕೆ ಅತಿಯಾದ ಭರವಸೆಯುಂಟು. ನಾರು ಹೆಚ್ಚಿದ್ದರೂ ಅದರಲ್ಲಿಯೂ ಬಹುಪಾಲು ಪಿಷ್ಟವೇ. ಅಂಬಲಿಯಾಗಿ, ಮಾಲ್ಟಾಗಿ ಕುಡಿದರೆ ಸಕ್ಕರೆ ಬೇಗ ಏರುವುದು. ಆದ್ದರಿಂದ ಮಾವನಿಗೆ ಇನ್ನು ಮುಂದೆ ಸಣ್ಣದೊಂದೇ ಮುದ್ದೆ.

ಮೂರನೆಯ ವಾರದಲ್ಲಿ, ಗದ್ದೆಯ ಬದುವಿನ ಮೇಲೆ ನಿಂತಿದ್ದ ಅವರ ಕೈ ನಡುಗಿ ಮೈ ಬೆವರಿತು. ಬೆರಳು ಚುಚ್ಚಿ ನೋಡಿದರೆ 62. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಮೇಲೆ ಮತ್ತೆ ನೋಡಿದ ಬಳಿಕವಷ್ಟೇ ನಮಗೆ ಸಮಾಧಾನವಾದದ್ದು. ಅನ್ನ ಕಡಮೆಯಾಗಿತ್ತು, ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕವನ್ನು ಪ್ರೇರಿಸುವ ಗ್ಲಿಮಿಪಿರೈಡ್ ಮಾತ್ರೆ ಮಾತ್ರ ಹಿಂದಿನ ಪ್ರಮಾಣದಲ್ಲಿಯೇ ಉಳಿದಿತ್ತು. ಈ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ಊಟವನ್ನು ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಮೂತ್ರಪಿಂಡ ದುರ್ಬಲವಾಗಿರುವವರು ಎಷ್ಟು ಕಾಳು ತಿನ್ನಬಹುದೆಂಬುದನ್ನೂ ಅವರಲ್ಲಿಯೇ ಕೇಳಬೇಕು. ವೈದ್ಯರು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಜೊತೆಗೆ ಬಿ12 ಜೀವಸತ್ವವನ್ನೂ ಪರೀಕ್ಷಿಸಿದರು. ಸೊಪ್ಪುಕಾಳುಗಳಲ್ಲಿ ಅದು ದೊರೆಯದು, ಮಾವ ದಿನವೂ ನುಂಗುವ ಮೆಟ್‌ಫಾರ್ಮಿನ್ ಅದನ್ನು ದೇಹವು ಹೀರಿಕೊಳ್ಳುವುದನ್ನು ಕುಗ್ಗಿಸುತ್ತದೆ, ಕೊರತೆಯಾದರೆ ಪಾದಗಳಲ್ಲಿ ಜೋಮೂ ಉರಿಯೂ ಕಾಣಿಸಿಕೊಂಡು ಮಧುಮೇಹದ ನರದೋಷವೆಂದೇ ಭ್ರಮೆ ಹುಟ್ಟಿಸುತ್ತದೆ.

ಈಗ ಮಾವ ಮೊದಲು ಕೋಸಂಬರಿಯನ್ನು ತಿಂದು ಆಮೇಲೆ ಮುದ್ದೆಗೆ ಕೈಹಾಕುತ್ತಾರೆ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿಕೊಂಡು, ಹಾಲಿನ ಡೈರಿಯ ಹಳೆಯ ಪುಸ್ತಕದ ಖಾಲಿ ಹಾಳೆಯಲ್ಲಿ ದಪ್ಪ ಅಕ್ಷರಗಳಿಂದ ಬರೆದಿಡುತ್ತಾರೆ. ಮೊನ್ನೆ ನಾನು ತಿರುವಿ ನೋಡಿದ ಪುಟದಲ್ಲಿ ಹೀಗಿತ್ತು: “ಬಸ್ಸಾರು, ಒಂದು ಮುದ್ದೆ, 148. ಮಸ್ಸೊಪ್ಪು, ಅರ್ಧ ಅನ್ನ, 163. ಮದುವೆ ಊಟ, 257.”