ಬೆಲ್ಟ್ ಬಿಗಿಯೋದು, ಹೊಟ್ಟೆ ಬಟ್ಟೆ ಕಟ್ಟೋದು

ಮುಂದಿನ ವರ್ಷ ನಮಗೆ ಕ್ಯಾಂಪಸ್ ಇಂಟರ್‌ವ್ಯೂ. ಹಾಗಾಗಿ ಕ್ಲಾಸಿನಲ್ಲಿ ಎಲ್ಲರ ಮೊಬೈಲ್‌ನಲ್ಲೂ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿ ಇದೆ. ಅದರಲ್ಲಿ ನನ್ನ ತಲೆಯಲ್ಲಿ ಕೂತಿದ್ದು ‘ಟೈಟನ್ ಯುವರ್ ಬೆಲ್ಟ್’. ಬೆಲ್ಟ್ ಬಿಗಿ ಮಾಡಿಕೋ, ಅಂದರೆ ಖರ್ಚು ಕಡಿಮೆ ಮಾಡು. ಊಟ ಸಾಲದೆ ಮೈ ಇಳಿದರೆ ಪ್ಯಾಂಟು ಜಾರುತ್ತದೆ, ಬೆಲ್ಟನ್ನು ಇನ್ನೊಂದು ತೂತಿಗೆ ಎಳೆಯಬೇಕಾಗುತ್ತದೆ. ಹಸಿವಿನ ಚಿತ್ರ ಅದು. ಈಗ ಮಾತ್ರ ಸರ್ಕಾರ ಬಜೆಟ್ ಕತ್ತರಿಸಿದರೂ, ಕಂಪನಿ ನೇಮಕಾತಿ ನಿಲ್ಲಿಸಿದರೂ ಬೆಲ್ಟೇ. ಬಿಗಿಯಿರಿ ಎನ್ನುವವರು ಒಬ್ಬರು, ಬಿಗಿದುಕೊಳ್ಳುವವರು ಇನ್ನೊಬ್ಬರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಎರಡಿವೆ. ‘ಹೊಟ್ಟೆಗೆ ತಣ್ಣೀರು ಬಟ್ಟೆ’ ಎಂದರೆ ಉಪವಾಸ. ಬೇರೆ ದಾರಿಯೇ ಇಲ್ಲ. ‘ಹೊಟ್ಟೆ ಬಟ್ಟೆ ಕಟ್ಟಿ’ ಎನ್ನುವುದು ಹಾಗಲ್ಲ. ಇಲ್ಲಿ ಬಟ್ಟೆ ಎಂದರೆ ಉಡುವ ಬಟ್ಟೆ. ಕಟ್ಟುವುದೆಂದರೆ ತಡೆಹಿಡಿಯುವುದು. ಶುಗರ್ ಇರುವವರು ‘ಬಾಯಿ ಕಟ್ಟಿದ್ದೀನಿ’ ಅನ್ನುತ್ತಾರಲ್ಲ, ಹಾಗೆ. ಉಣ್ಣುವುದರಲ್ಲಿ, ಉಡುವುದರಲ್ಲಿ ಉಳಿಸುವುದು. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಸೈಟ್ ತಗೊಂಡರು, ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದರು. ಯಾತಕ್ಕೆ, ಯಾರಿಗೆ ಎಂದು ಮುಂದೆ ಹೇಳಿದರೇನೇ ವಾಕ್ಯ ಪೂರ್ತಿ.

ಇಂಥ ಮಾತುಗಳ ಬಗ್ಗೆ ಅನುಮಾನ ಬಂದರೆ ಓದುಗರು ಪ್ರೊ. ಜಿ. ವೆಂಕಟಸುಬ್ಬಯ್ಯ ಅವರಿಗೆ ಬರೆದು ಕೇಳುತ್ತಿದ್ದರು. ನಮ್ಮ ಪಕ್ಕದ ಜಯನಗರದಲ್ಲೇ ಇದ್ದ ಈ ನಿಘಂಟು ತಜ್ಞರು 1991ರಲ್ಲಿ ಶುರುವಾದ ‘ಇಗೋ ಕನ್ನಡ’ ಅಂಕಣದಲ್ಲಿ ಉತ್ತರ ಕೊಡುತ್ತಿದ್ದರು. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಈಗ ಅವರನ್ನು ಕೇಳುವಂತಿಲ್ಲ. ನಾನು ಅಮ್ಮನನ್ನು ಕೇಳಿದೆ, ‘ನೀವೂ ಹೊಟ್ಟೆ ಬಟ್ಟೆ ಕಟ್ಟೇ ನನ್ನ ಓದಿಸ್ತಿರೋದಾ?’

ಬನಶಂಕರಿಯ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಸೀರೆಗೆ ಫಾಲ್ಸ್ ಹೊಲಿಯುತ್ತಾರೆ. ಹೊಲಿಗೆ ನಿಲ್ಲಿಸದೆಯೇ ನಕ್ಕರು. ‘ಹೋಗೋ, ನಾವೇನು ಉಪವಾಸ ಇದ್ವಾ? ಪೇಪರಲ್ಲಿ ಹಂಗೆಲ್ಲ ಬರೀಬೇಡ.’

ಉಪವಾಸ ಇಲ್ಲ, ನಿಜ. ಅಪ್ಪ 4ನೇ ಬ್ಲಾಕಿನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ದಿನಕ್ಕೆ ಎಷ್ಟೋ ಜನರಿಗೆ ಶರ್ಟು ಆರಿಸಿ ಕೊಡುತ್ತಾರೆ. ನಾನು ಬಿಇ ಸೇರಿ ಮೂರು ವರ್ಷ ಆಗುತ್ತಾ ಬಂತು. ಈ ಮೂರು ವರ್ಷದಲ್ಲಿ ನನಗೆ ಅದೇ ಅಂಗಡಿಯಿಂದ ಐದು ಶರ್ಟು ಬಂದಿವೆ. ಅಪ್ಪನಿಗೆ ಒಂದೂ ಇಲ್ಲ.